ಹೂಂ ಓಲಿಂಕಾ

ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ‘ಹೂಂ’ ಅನ್ನುವುದಿಲ್ಲ. ಹುಬ್ಬು ಎತ್ತಿದರೆ ಹೂಂ, ಮೂಗು ಸುಕ್ಕಿಸಿದರೆ ಊಹೂಂ. ಅಷ್ಟಕ್ಕೆಲ್ಲ ಬಾಯಿ ಯಾಕೆ ದಣಿಸಬೇಕು? ನಾವು ಉತ್ತರದ ಹಿಮಸೀಮೆಯ ಯೂಪಿಕ್ ಜನ. ಮಾತು ಬಾರದ ಕೂಸೂ ನಮ್ಮಲ್ಲಿ ಹುಬ್ಬು ಎತ್ತಿಯೇ ಇನ್ನೊಂದು ತುತ್ತು ಕೇಳುತ್ತದೆ. ಇಡೀ ಊರಿಗೆ ಹೊರತಾದವಳು ಒಬ್ಬಳೇ, ನನ್ನ ದೊಡ್ಡಪ್ಪನ ಮಗಳು ಓಲಿಂಕಾ. ಎದುರಿಗೇ ನಿಂತು ಟೀ ಬೇಕಾ ಅಂದರೂ ನದಿಯ ಆಚೆ ದಂಡೆಗೆ ಕೇಳುವ ಹಾಗೆ ‘ಹೂಂ’ ಅನ್ನುತ್ತಿದ್ದಳು. ಅವಳಿಗೆ ‘ಹೂಂ ಓಲಿಂಕಾ’ ಎಂದು ಹೆಸರಿಟ್ಟವಳು ನಾನೇ. ಆಗ ನನಗೆ ಎಂಟು ವರ್ಷ, ಅವಳಿಗೆ ಹತ್ತು. ಊರೆಲ್ಲ ನಕ್ಕಿತು, ನಾನು ದೊಡ್ಡ ಬೇಟೆ ಹೊಡೆದವಳ ಹಾಗೆ ಬೀಗಿದೆ.

ಆರನೇ ವಯಸ್ಸಿನಲ್ಲಿ ಅವಳನ್ನು ವಿಮಾನ ಹತ್ತಿಸಿ ದಕ್ಷಿಣಕ್ಕೆ ಕರೆದೊಯ್ದಿದ್ದರು. ಕ್ಷಯ ಅಂತ ನಾವೆಲ್ಲ ತಿಳಿದಿದ್ದೆವು. ಆ ಕಾಲದಲ್ಲಿ ಹಾಗೆ ಹೋದವರು ಹೆಚ್ಚಾಗಿ ಅದಕ್ಕೇ ಹೋದವರು. ನಾಲ್ಕು ವರ್ಷ ಕಳೆದು ಬಂದಾಗ ಅವಳ ಅಮ್ಮ ಬದುಕಿರಲಿಲ್ಲ, ನಮ್ಮ ಮಾತು ಅವಳ ನಾಲಿಗೆಯ ಮೇಲಿರಲಿಲ್ಲ. ಮತ್ತೆ ಕಲಿತಳು. ಸಾಲ್ಮನ್ ಮೀನು ಸೀಳಿ ಒಣಹಾಕಿದಳು, ಮದುವೆಯಾದಳು, ಮೂರು ಹೆತ್ತಳು, ಅದರಲ್ಲಿ ಒಬ್ಬನನ್ನು ನದಿಗೆ ಕಳೆದುಕೊಂಡಳು. ಅವಳಿಗೆ ನಲವತ್ತಾದಾಗ ಊರಿಗೆ ಶಿಶುವಿಹಾರ ಬಂತು. ಕೆಲಸ ಕೇಳಿಕೊಂಡು ಮೊದಲು ಹೋಗಿ ನಿಂತವಳು ಅವಳೇ.

“ನಿಂಗೆ ಓದೋಕೇ ಬರಲ್ವಲ್ಲೇ” ಅಂದೆ.

“ಮಕ್ಳಿಗೂ ಬರಲ್ಲ. ಒಟ್ಟಿಗೆ ಕಲ್ತ್ಕೋತೀವಿ ಬಿಡು.”

ಕಲಿತೂ ಬಿಟ್ಟಳು. ಇಪ್ಪತ್ನಾಲ್ಕು ವರ್ಷ ಅಲ್ಲಿ ಅವಳು ಆಯಾ, ನಾನು ಅಡುಗೆಯವಳು. ಮಗುವಿನ ಬೂಟಿನ ಲಾಡಿ ಕಟ್ಟುವಾಗಲೂ ಅವಳ ಕಣ್ಣು ಲಾಡಿಯ ಮೇಲೆ ಇರುತ್ತಿರಲಿಲ್ಲ, ಮಗುವಿನ ಮುಖದ ಮೇಲೆ ಇರುತ್ತಿತ್ತು. ಹಿಮ ಕರಗಿದರೆ ಮಕ್ಕಳನ್ನು ಹೊಳೆದಂಡೆಗೆ ಕರೆದೊಯ್ದು, ಬೆಣ್ಣೆ ಸವರುವ ಚಾಕುವಿನಲ್ಲಿ ಕೆಸರಿನ ಮೇಲೆ ಚಿತ್ರ ಗೀರುತ್ತ ಕಥೆ ಹೇಳುವಳು. ಅಂಗಿ ತೊಳೆಯುವ ತಾಯಂದಿರು ಬೈಯುವರು. ಬೈಗುಳಕ್ಕೂ ಅವಳದು ಒಂದೇ ಉತ್ತರ, ಜೋರಾಗಿ ‘ಹೂಂ’.

ಕಳೆದ ಏಪ್ರಿಲ್‌ನಲ್ಲಿ ಶಿಶುವಿಹಾರ ನಡೆಸುವ ಮಂಡಳಿಯವರು ಮಕ್ಕಳ ಬುದ್ಧಿ ಅಳೆಯಲು ಹೊಸ ಪರೀಕ್ಷಕಿಯೊಬ್ಬಳನ್ನು ಕಳಿಸಿದರು. ಹೆಸರು ಹ್ಯಾಲೊರನ್, ಇನ್ನೂ ಹುಡುಗಿ. ಒಳ್ಳೆಯವಳೇ, ನಾನು ಕೊಟ್ಟ ಒಣಮೀನನ್ನು ಮುಖ ಕಿವುಚದೆ ತಿಂದಳು. ಆಯಾ ಮಗುವಿನ ಬೆನ್ನ ಹಿಂದೆ ಕೂರಬೇಕು, ತುಟಿ ಪಿಟಕ್ಕೆನ್ನಬಾರದು ಎಂಬುದು ಅವಳ ನಿಯಮ. ಓಲಿಂಕಾ ಹಾಗೇ ಕೂತಳು. ನಾನು ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದೆ.

ಕೊನೆಗೆ ಬಂದವಳು ಓಲಿಂಕಾಳ ಮೊಮ್ಮಗಳು ಲುಕೇರಿಯಾ, ನಾಲ್ಕು ವರ್ಷದವಳು. ಇದು ಕರಡಿನಾ? ಹುಬ್ಬು ಮೇಲಕ್ಕೆ. ಮೀನು ಮರ ಹತ್ತುತ್ತಾ? ಮೂಗು ಸುಕ್ಕಾಯಿತು. ಒಂದೂ ತಪ್ಪಿಲ್ಲ! ಖುಷಿಗೆ ಅವಳ ಬಟ್ಟಲಿಗೆ ಇನ್ನೊಂದು ಚಮಚ ಬೆರಿಹಣ್ಣು ಹಾಕಿದೆ.

ಮಧ್ಯಾಹ್ನ ಹ್ಯಾಲೊರನ್ ನಮ್ಮಿಬ್ಬರನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದಳು: “ಹನ್ನೆರಡರಲ್ಲಿ ಹನ್ನೊಂದು ಮಕ್ಕಳು ಹಿಂದೆ ಬಿದ್ದಿವೆ. ಉಳಿದೋರು ಒಂದೆರಡು ಮಾತಾದ್ರೂ ಆಡಿದ್ರು. ಲುಕೇರಿಯಾ ಒಂದಕ್ಕೂ ಉತ್ತರ ಕೊಡ್ಲಿಲ್ಲ. ಅವಳನ್ನ ಪಟ್ಟಣದ ವಿಶೇಷ ಶಾಲೆಯಲ್ಲಿ ಇಡ್ಬೇಕು ಅಂತ ಬರೆದಿದ್ದೀನಿ. ಇವತ್ತಿನ ವಿಮಾನಕ್ಕೇ ವರದಿ ಹೋಗುತ್ತೆ.”

ಎಲ್ಲಕ್ಕೂ ಉತ್ತರ ಕೊಟ್ಟ ಮಗುವಿಗೆ ಸೊನ್ನೆ! ಯಾರದೋ ಮಗುವಿನ ಸುದ್ದಿ ಹೇಳುತ್ತಿದ್ದಾಳೆ ಅನ್ನಿಸಿತು. ಹುಬ್ಬು ಕಾಣದವರೂ ಇರುತ್ತಾರೆ ಎಂದು ಅಲ್ಲಿಯತನಕ ನನಗೆ ಹೊಳೆದೇ ಇರಲಿಲ್ಲ. ಹಿಂದೆ ಬರುತ್ತಿದ್ದ ಪರೀಕ್ಷಕಿಗೆ ನಮ್ಮ ಮುಖ ಓದಲು ಬರುತ್ತಿತ್ತು. ಇವಳಿಗೂ ಬರುತ್ತದೆ ಅಂದುಕೊಂಡು ಸುಮ್ಮನಿದ್ದೆವು. ನನಗೆ ಓಲಿಂಕಾಳ ಮೇಲೇ ರೇಗಿತು.

“ಊರಿಗೆಲ್ಲ ಕೇಳೋ ಹಾಗೆ ಹೂಂ ಅಂತೀಯ, ಈ ಮಕ್ಳಿಗೆ ಅದೊಂದು ಕಲಿಸೋಕೆ ಆಗ್ಲಿಲ್ವೇನೇ ನಿಂಗೆ?”

“ನಾನು ಹೆಂಗೆ ಕಲ್ತೆ ಅಂತ ಗೊತ್ತಾ ನಿಂಗೆ?” ಅಂದಳು. ಎದ್ದು ಹೋಗಿ ತನ್ನ ಕೋಟಿನ ಒಳಜೇಬಿನಿಂದ ಒಂದು ಕಾಗದ ತಂದಳು. ಮಡಿಕೆಗಳು ಹರಿದು ನಾಲ್ಕು ಚೂರಾಗಿತ್ತು. “ನಮ್ಮಪ್ಪನ ಪೆಟ್ಟಿಗೆಯಲ್ಲಿತ್ತು. ಓದೋಕೆ ಬಂದ್ಮೇಲೆ ನಾನು ಓದಿದ ಮೊದಲ್ನೇ ಕಾಗದ ಇದು.”

ಚೂರುಗಳನ್ನು ಮೇಜಿನ ಮೇಲೆ ಜೋಡಿಸಿದಳು. ಹ್ಯಾಲೊರನ್ ಬಗ್ಗಿದಳು, ನಾನೂ ಬಗ್ಗಿದೆ. ಓಲಿಂಕಾಳ ಹೆಸರು. ವಯಸ್ಸು ಆರು. ಕೆಳಗೆ ಹತ್ತೊಂಬತ್ತು ಪ್ರಶ್ನೆ. ‘ನಾನು ಮಾತಾಡೋದು ಕೇಳಿಸುತ್ತಾ?’ ಉತ್ತರವಿಲ್ಲ. ‘ನಿನಗೆ ಅಮ್ಮ ಇದ್ದಾಳಾ?’ ಉತ್ತರವಿಲ್ಲ. ಹತ್ತೊಂಬತ್ತಕ್ಕೂ ಅದೇ. ಕಡೆಯಲ್ಲಿ: ಕಿವುಡಿ, ಮಂದಬುದ್ಧಿ, ಅಂಥವರ ಆಶ್ರಮಕ್ಕೆ ಕಳಿಸತಕ್ಕದ್ದು.

ಕ್ಷಯವಲ್ಲ. ಅವಳು ಮರಳಿ ಬಂದ ಮೇಲೆ ಐವತ್ನಾಲ್ಕು ವರ್ಷ ಒಂದೇ ಊರಲ್ಲಿ, ಇಪ್ಪತ್ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದ ನನಗೆ ಇದು ಗೊತ್ತಿರಲಿಲ್ಲ!

“ಅಲ್ಲಿ ಬಾಯಿಬಿಟ್ಟು ಹೂಂ ಅನ್ನದಿದ್ರೆ ತಟ್ಟೆ ಎತ್ಕೊಂಡು ಹೋಗೋರು,” ಅಂದಳು ಓಲಿಂಕಾ, ನಿನ್ನೆಯ ಹವೆಯ ಬಗ್ಗೆ ಹೇಳುವವಳ ಹಾಗೆ. “ಅದನ್ನ ಮಕ್ಳಿಗೆ ಹೆಂಗೆ ಕಲಿಸ್ಲಿ?”

ಹ್ಯಾಲೊರನ್ ತಲೆ ಎತ್ತಿದಳು. “ಆದ್ರೆ ನೀವು... ಆವತ್ತು ಯಾಕೆ ಏನೂ ಹೇಳ್ಲಿಲ್ಲ?”

“ಹೇಳ್ದೆ ಕಣಮ್ಮ. ಹುಬ್ಬು ಎತ್ತಿದ್ರೆ ನಮ್ಮಲ್ಲಿ ಹೂಂ, ಮೂಗು ಸುಕ್ಕಿಸಿದ್ರೆ ಊಹೂಂ. ಹತ್ತೊಂಬತ್ತು ಸಲ ಹೇಳ್ದೆ. ಹಣೆ ನೋವು ಬಂತು. ಅವ್ರು ಕಾಗದ ನೋಡ್ತಿದ್ರು.” ಚೂರುಗಳ ಮೇಲಿಂದ ಕಣ್ಣೆತ್ತಿ ಅಂದಳು: “ನೀನೂ ಕಾಗದಾನೇ ನೋಡ್ತಿದ್ದೆ. ನಿನ್ನ ಮುಖ ಕಾಣ್ತಿತ್ತು ನಂಗೆ.”

ಹ್ಯಾಲೊರನ್ ಗಡಿಯಾರ ನೋಡಿದಳು. ವಿಮಾನಕ್ಕೆ ಇನ್ನು ಮುಕ್ಕಾಲು ಗಂಟೆ. ಬರೆದ ಹಾಳೆಯನ್ನು ತಿರುವಿ ಇಟ್ಟಳು, ಲುಕೇರಿಯಾಳನ್ನು ಮತ್ತೆ ಕರೆಸಿದಳು, ಪೆನ್ನನ್ನು ನನ್ನ ಕೈಗೆ ಕೊಟ್ಟು ಮಗುವಿನ ಎದುರು ನೆಲದ ಮೇಲೇ ಕೂತಳು.

“ನಾನು ನೋಡಿ ಹೇಳ್ತೀನಿ, ನೀವು ಗುರುತು ಹಾಕಿ.”

ಹುಬ್ಬು. ಹುಬ್ಬು. ಮೂಗು. ಹುಬ್ಬು. ನಡುವೆ ಮಗು ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಕೇಳಿತು: “ಅಜ್ಜಿ, ಇವ್ಳಿಗೆ ಮರೆವಾ? ಬೆಳಿಗ್ಗೆ ಎಲ್ಲಾ ಹೇಳಿದ್ನಲ್ಲ!”

ಲುಕೇರಿಯಾಳ ಹಳೆಯ ಹಾಳೆಯ ಜೊತೆ ಉಳಿದ ಮಕ್ಕಳ ಹಾಳೆಗಳನ್ನೂ ಹ್ಯಾಲೊರನ್ ಹರಿದಳು. ಇನ್ನೊಂದು ವಾರ ಇಲ್ಲೇ ಇರುತ್ತೇನೆಂದು ಹೇಳಿ ವಿಮಾನವನ್ನು ಖಾಲಿ ಕಳಿಸಿದಳು. ಹರಿಯದೆ ಉಳಿದದ್ದು ಆ ನಾಲ್ಕು ಚೂರು. ಓಲಿಂಕಾ ಅವನ್ನು ಮತ್ತೆ ಮಡಿಸಿ ಒಳಜೇಬಿಗೆ ಹಾಕಿಕೊಂಡಳು.

ಮಕ್ಕಳೆಲ್ಲ ಹೋದ ಮೇಲೆ ಅವಳ ಎದುರು ಕೂತೆ. ಎಂಟು ವರ್ಷದವಳಿದ್ದಾಗ ಇಟ್ಟ ಆ ಹೆಸರಿಗೆ ಕ್ಷಮೆ ಕೇಳಬೇಕಿತ್ತು. ಕೆಟಲ್ ಎತ್ತಿದೆ, ಅವಳ ಮುಖವನ್ನೇ ನೋಡುತ್ತ ಕೇಳಿದೆ, “ಟೀ ಕೊಡ್ಲಾ?”

ಅವಳ ಹುಬ್ಬು ಕದಲುತ್ತದೇನೋ ಎಂದು ಕಾದೆ.

“ಹೂಂ” ಅಂದಳು, ಆಚೆ ದಂಡೆಗೆ ಕೇಳುವ ಹಾಗೆ.