ಗುಲಾಮ ಬಂದಾಗ ಮೇಜು ಕುಟ್ಟಿದವರು

ಮೊನ್ನೆ ಮಗಳ ಮನೆಯಲ್ಲಿ ಮೊಮ್ಮಗಳು ಕೇರಂ ಬೋರ್ಡಿನ ಮೇಲೆ ಪೌಡರ್ ಸುರಿದಳು. ಬೋರ್ಡಿಗೆ ಹಾಕುವ ಪೌಡರ್ ಮುಗಿದಿತ್ತಂತೆ. ಸ್ನಾನದ ನಂತರ ಮೈಗೆ ಹಚ್ಚುವ ಡಬ್ಬಿಯನ್ನೇ ತಂದಿದ್ದಳು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಆ ವಿಲ್ಲಾದಲ್ಲಿ ಎಸಿಯ ಗಾಳಿಗೆ ಪರಿಮಳ ಇಡೀ ಹಾಲಿಗೆ ಹರಡಿತು. ನಾನು ಸಂಜೆಯ ಚಹಾ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟೆ. ನೆನಪಾದದ್ದು ಕೇರಂ ಅಲ್ಲ, ಇಸ್ಪೀಟು. ಇಸ್ಪೀಟಿನ ಜೊತೆಗೆ ಎದುರು ಬಾಗಿಲಿನವರು...

ಆಗ ನಾವು ದುಬೈಯ ಊದ್ ಮೇಥಾದಲ್ಲಿದ್ದೆವು. ಒಂದೇ ಮಹಡಿಯಲ್ಲಿ ನನ್ನ ಬಾಗಿಲಿಗೆ ಎದುರಾಗಿ ಅವರ ಬಾಗಿಲು. ಉಡುಪಿ ಕಡೆಯವರು, ಒಂದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ. ಅವರಿಗೂ ನನಗೂ ಯಾವ ವಿಷಯದಲ್ಲೂ ಹೊಂದುತ್ತಿರಲಿಲ್ಲ. ನಾನು ಪಾದ್ರಿಗಳ ಬೋರ್ಡಿಂಗಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು. ಅವರು ಲಿಫ್ಟಿನ ಒಳಗೆ ಶರ್ಟಿನ ಗುಂಡಿ ಹಾಕಿಕೊಳ್ಳುವವರು. ಆದರೆ ಇಸ್ಪೀಟಿನ ಎಲೆ ಕೈಗೆ ಬಂದರೆ ಅವರಷ್ಟು ಶಿಸ್ತಿನ ಮನುಷ್ಯ ಇನ್ನೊಬ್ಬರಿರಲಿಲ್ಲ.

ಆಗ ಅಲ್ಲಿ ವಾರದ ರಜೆ ಶುಕ್ರವಾರ. ಅಂದು ನಾನು ಇಗರ್ಜಿಯ ಪೂಜೆ ಮುಗಿಸಿ ನಮ್ಮವರ ಕ್ಲಬ್ಬಿಗೆ ಹೋಗುವಾಗ ಅವರು ಆಗಲೇ ಅಲ್ಲಿ ಕುಳಿತಿರುತ್ತಿದ್ದರು. ಹಳೆಯ ಎಲೆಗಳು ಒಂದಕ್ಕೊಂದು ಅಂಟಬಾರದೆಂದು ಕರವಸ್ತ್ರಕ್ಕೆ ಪೌಡರ್ ಹಾಕಿ ಒಂದೊಂದನ್ನೇ ಒರೆಸುತ್ತಿದ್ದರು. ನಾವು ಆಡುತ್ತಿದ್ದದ್ದು ಇಪ್ಪತ್ತೆಂಟು. ಹಣ ಇಟ್ಟು ಅಲ್ಲ, ಸೋತವರು ಚಹಾ ತರಿಸಬೇಕು, ಅಷ್ಟೆ. ಆ ಆಟದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು. ಎರಡರಿಂದ ಆರರವರೆಗಿನ ಎಲೆಗಳನ್ನು ಕಸವೆಂದು ಮೊದಲೇ ತೆಗೆದಿಡುತ್ತೇವೆ. ಕೈಗೆ ಗುಲಾಮ ಬಂದು, ಅದನ್ನು ಹಾಕುವ ಹೊತ್ತಾದಾಗ ಮೇಜಿಗೆ ಕುಟ್ಟಿ ಹಾಕುವುದು ನಮ್ಮ ಕಡೆಯ ರೂಢಿ. ಅವರು ಕುಟ್ಟಿದರೆ ಚಹಾದ ಲೋಟಗಳು ಕುಣಿಯುತ್ತಿದ್ದವು. ಬಿದ್ದ ಎಲೆ ಒಂದೂ ಅವರಿಗೆ ಮರೆಯುತ್ತಿರಲಿಲ್ಲ. ಅವರು ನನ್ನ ಜೊತೆಗಾರ, ಆದ್ದರಿಂದ ನಾನೂ ಗೆಲ್ಲುತ್ತಿದ್ದೆ. ಹೆಚ್ಚಾಗಿ ಚಹಾ ತರಿಸುತ್ತಿದ್ದದ್ದು ಕ್ಲಬ್ಬಿನ ಕಾರ್ಯದರ್ಶಿ. ಅವರದ್ದು ದೇರಾದಲ್ಲಿ ಅಂಗಡಿ, ದೊಡ್ಡ ಬಾಯಿ.

ಆ ವರ್ಷಗಳಲ್ಲಿ ದುಬೈಯವರೆಲ್ಲ ಹಿಮ ನೋಡಲು ಜಾರ್ಜಿಯಾಕ್ಕೆ ಹೋಗುತ್ತಿದ್ದರು. ಎದುರು ಬಾಗಿಲಿನವರ ಹೆಂಡತಿಗೂ ಆಸೆಯಾಯಿತು. ಇವರಿಗೆ ಬೇರೆ ಆಸೆ. ಅಲ್ಲಿ ಕ್ಯಾಸಿನೋ ಇದೆ, ಅದರಲ್ಲಿ ಬ್ಲ್ಯಾಕ್‌ಜಾಕ್ ಇದೆ. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಿದರೆ ಸೋಲು. ಅದರಲ್ಲಿ ಬಿದ್ದ ಎಲೆ ಲೆಕ್ಕ ಇಡಬಹುದು ಎಂದು ಎಲ್ಲೋ ಓದಿದ್ದರು.

“ನಾವು ಕಸ ಅಂತ ಬಿಸಾಡುವ ಎಲೆಗಳೇ ಅಲ್ಲಿ ಮುಖ್ಯ, ಪೊರ್ಬುಗಳೇ. ಅವು ಬಿದ್ದು ಹೋದ ಹಾಗೆ ದೊಡ್ಡದು ಉಳೀತದೆ. ಆಗ ಹೆಚ್ಚು ಕಟ್ಟುದು.” ನಮ್ಮ ಕಡೆ ಕ್ರೈಸ್ತರನ್ನು ತುಳುವಿನಲ್ಲಿ ಪೊರ್ಬುಗಳು ಎನ್ನುತ್ತಾರೆ, ಅವರು ನನ್ನನ್ನು ಕರೆಯುತ್ತಿದ್ದದ್ದೂ ಹಾಗೆಯೇ.

ಸಣ್ಣ ಎಲೆ ಬಿದ್ದರೆ ಒಂದು ಕೂಡಿಸಬೇಕು, ಹತ್ತೋ ಚಿತ್ರದ ಎಲೆಯೋ ಎಕ್ಕವೋ ಬಿದ್ದರೆ ಒಂದು ಕಳೆಯಬೇಕು. ಸಂಜೆ ನನ್ನ ಹಾಲಿನಲ್ಲಿ, ಕ್ಯಾಸಿನೋದ ಗದ್ದಲಕ್ಕೆ ಒಗ್ಗಲೆಂದು ಟಿವಿ ಜೋರಾಗಿ ಹಾಕಿ, ನಾನು ಎಲೆ ತಿರುಗಿಸುತ್ತ ಹೋಗುತ್ತಿದ್ದೆ. ಅವರು ಕೊನೆಯಲ್ಲಿ ಮೊತ್ತ ಹೇಳುತ್ತಿದ್ದರು. ತಪ್ಪಿದ್ದು ನನಗೆ ನೆನಪಿಲ್ಲ. ಅಭ್ಯಾಸಕ್ಕೆ ಹೊತ್ತು ಗೊತ್ತುಮಾಡಿದ್ದು ನಾನೇ.

ಅವರು ಜಾರ್ಜಿಯಾದಿಂದ ಮರಳಿ ಬಂದವರು ಬ್ಯಾಗ್ ಬಿಚ್ಚುವ ಮೊದಲೇ ನನ್ನ ಬಾಗಿಲು ತಟ್ಟಿದರು. ಮೊದಲ ದಿನ ಗೆದ್ದಿದ್ದರಂತೆ. ಎರಡನೆಯ ದಿನವೂ ಲೆಕ್ಕ ಸರಿಯಾಗಿಯೇ ನಡೆದಿತ್ತು, ಹೆಚ್ಚು ಕಟ್ಟಿದ್ದರು. ಕೈಯಲ್ಲಿದ್ದ ಎಲೆಗಳ ಮೊತ್ತ ಒಂಬತ್ತಿತ್ತು. ಇನ್ನೊಂದು ಎಲೆ ಕೇಳಿದರು. ಗುಲಾಮ ಬಂದ. ಆ ಆಟದಲ್ಲಿ ಅವನಿಗೆ ಹತ್ತು. ಒಟ್ಟು ಹತ್ತೊಂಬತ್ತು, ಅಲ್ಲಿಗೆ ನಿಲ್ಲಿಸಬೇಕು. ಆದರೆ ಗುಲಾಮನನ್ನು ಕಂಡದ್ದೇ ಇವರ ಕೈ ಶುಕ್ರವಾರದ ಹಾಗೆ ಮೇಜಿಗೆ ಕುಟ್ಟಿತು! ಬ್ಲ್ಯಾಕ್‌ಜಾಕ್‌ನಲ್ಲಿ ಮೇಜು ತಟ್ಟಿದರೆ ಇನ್ನೊಂದು ಎಲೆ ಕೊಡು ಎಂದು ಅರ್ಥ. ಎಲೆ ಹಂಚುವ ಹುಡುಗಿ ಅನುಮಾನದಿಂದ ಏನೋ ಕೇಳಿದಳು. ಇವರಿಗೆ ಅರ್ಥವಾಗದೆ ನಮ್ಮವರ ಕ್ರಮದಲ್ಲಿ ತಲೆಯನ್ನು ಅತ್ತಿತ್ತ ವಾಲಿಸಿದರು, ಅವಳು ಹೌದೆಂದುಕೊಂಡಳು. ಇನ್ನೊಂದು ಎಲೆ ಬಂತು, ಇಪ್ಪತ್ತೊಂದು ದಾಟಿತು.

ಅಲ್ಲಿಗೆ ಎದ್ದು ಬರಬಹುದಿತ್ತು. ಇವರು ಜಗಳಕ್ಕೆ ನಿಂತರು. ನಾನು ಎಲೆ ಕೇಳಲೇ ಇಲ್ಲ, ಬೇಕಾದರೆ ಕ್ಯಾಮರಾ ನೋಡಿ ಎಂದರು. ಕ್ಯಾಸಿನೋದವರು ನೋಡಿದರು. ಆ ಒಂದು ಆಟವನ್ನಲ್ಲ, ಎರಡೂ ದಿನದ್ದನ್ನು ನೋಡಿದರು. ಇವರು ಯಾವಾಗ ಹೆಚ್ಚು ಕಟ್ಟುತ್ತಾರೆ, ಯಾವಾಗ ಕಡಿಮೆ ಎಂಬುದು ಅವರಿಗೆ ತಿಳಿದುಹೋಯಿತು. ಮೇಲ್ವಿಚಾರಕ ಬಂದು ಆ ಆಟದ ಹಣ ವಾಪಸು ಕೊಟ್ಟನಂತೆ. ಕೈ ಕುಲುಕಿ, ನೀವು ಮೋಸ ಮಾಡಿಲ್ಲ, ನಮಗೆ ಹೆಚ್ಚಾಗುವಷ್ಟು ಚೆನ್ನಾಗಿ ಆಡುತ್ತೀರಿ, ಬೇರೆ ಯಾವ ಆಟವನ್ನಾದರೂ ಆಡಿ, ಇದೊಂದು ಬೇಡ ಎಂದನಂತೆ. ಮರುದಿನ ಇನ್ನೊಂದು ಕ್ಯಾಸಿನೋದ ಬಾಗಿಲಲ್ಲೇ ಹೆಸರು ಹಿಡಿದು ಕರೆದು ತಡೆದರು. ಫೋಟೋ ಅಲ್ಲಿಗೆ ಮೊದಲೇ ಹೋಗಿತ್ತು.

“ಕ್ಯಾಮರಾ ನೋಡಿ ಅಂತ ನೀವೇ ಯಾಕೆ ಹೇಳ್ಲಿಕ್ಕೆ ಹೋದದ್ದು ಮಾರಾಯ್ರೆ?” ಎಂದೆ.

“ನಾನು ಎಲೆ ಕೇಳ್ಲಿಲ್ಲ ಅಲ್ವಾ?” ಎಂದರು. ಅವರಿಗೆ ಅದೊಂದೇ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಶುಕ್ರವಾರ ಅವರು ಈ ಕಥೆಯನ್ನು ಕ್ಲಬ್ಬಿನಲ್ಲಿ ತಾವೇ ನಗುತ್ತ ಹೇಳಿದರು. ಎಲ್ಲರೂ ನಕ್ಕರು. ಮುಂದಿನ ವಾರ ಕಾರ್ಯದರ್ಶಿ ಹೊಸ ಕಟ್ಟು ತಂದರು. ಇವರು ಕಲೆಸಿದ ಎಲೆಯನ್ನು ಮತ್ತೆ ತಾವು ಕಲೆಸಿದರು. ಇನ್ನು ಜೊತೆಗಾರರನ್ನು ಚೀಟಿ ಎತ್ತಿ ಆರಿಸಬೇಕೆಂದು ನಿಯಮ ಮಾಡಿದರು. ಹಾಗೆ ಮಾಡಿಯೂ ಸೋತಾಗ ಅವರ ಬಾಯಿ ಸುಮ್ಮನಿರಲಿಲ್ಲ.

“ಕ್ಯಾಸಿನೋದವರೇ ಹೆದರಿ ಓಡಿಸಿದ ಜನ ಮಾರ್ರೆ, ನಮ್ಮದೆಂತ? ಮೋಸ ಇಲ್ಲದೆ ಸುಮ್ಮನೆ ಯಾರಾದ್ರೂ ಹೊರಗೆ ಹಾಕ್ತಾರಾ?”

ಎದುರು ಬಾಗಿಲಿನವರು ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟರು.

“ನಾನು ಮೋಸ ಮಾಡ್ಲಿಲ್ಲ. ಅದನ್ನೊಂದು ಎಲ್ಲರ ಎದುರು ಹೇಳಿ. ಮತ್ತೆ ಆಡುವ.”

“ಆಯ್ತಾಯ್ತು, ಎಲೆ ತೆಗೀರಿ. ಯಲ್ಲಾ, ಯಲ್ಲಾ, ಬೇಗ.”

ಅವರು ಎಲೆ ತೆಗೆಯಲಿಲ್ಲ. ಆ ದಿನದ ಆಟ ಅಲ್ಲಿಗೆ ನಿಂತಿತು. ಒಂದೆರಡು ವಾರದಲ್ಲಿ ಕಾರ್ಯದರ್ಶಿ ಹೊಸ ಮಾತು ತೆಗೆದರು. ಜೂಜು ಈ ದೇಶದಲ್ಲಿ ಅಪರಾಧ, ಕ್ಯಾಸಿನೋದ ಸುದ್ದಿ ಕ್ಲಬ್ಬಿಗೆ ಅಂಟಬಾರದು, ಸ್ವಲ್ಪ ಸಮಯ ಅವರು ಆಟಕ್ಕೆ ಬಾರದಿದ್ದರೆ ಒಳ್ಳೆಯದು. ನಾನು ಕಾರ್ಯದರ್ಶಿಯ ಅಂಗಡಿಗೇ ಹೋದೆ. ಬಿದ್ದ ಎಲೆ ನೆನಪಿಡದವನು ಇಪ್ಪತ್ತೆಂಟು ಆಡುವುದಾದರೂ ಹೇಗೆ, ಅದು ಮೋಸವಾದರೆ ನಾವೆಲ್ಲ ಮೋಸಗಾರರೇ ಎಂದೆ. “ನನಗೆ ಗೊತ್ತುಂಟು ಸರ್. ಆದ್ರೆ ಜನ ಕೇಳ್ಬೇಕಲ್ಲ” ಎಂದರು. ಆ ಜನ ಯಾರೆಂದು ಕೇಳಿದರೆ ಗಿರಾಕಿಯ ಕಡೆ ತಿರುಗಿದರು. ಗೊತ್ತಿಲ್ಲದವರಿಗಾದರೆ ಹೇಳಿ ತಿಳಿಸಬಹುದು. ಗೊತ್ತಿದ್ದೂ ಹೀಗೆ ಮಾತಾಡುವವರಿಗೆ ಏನು ಹೇಳುವುದು?

ಎದುರು ಬಾಗಿಲಿನವರಾದರೂ ಹಠ ಬಿಡಬಾರದಿತ್ತೇ? ಮಾತು ಮರೆತು ಬನ್ನಿ, ನನ್ನ ಹಾಲಿನಲ್ಲೇ ಆಡುವ ಎಂದು ಎಷ್ಟು ಸಲ ಕರೆದೆನೋ.

“ಕ್ಯಾಸಿನೋದವ ನನ್ನ ಮುಖ ನೋಡಿ ಹೇಳಿದ, ಮೋಸ ಅಲ್ಲ ಅಂತ. ನಮ್ಮವರಿಗೆ ಅಷ್ಟು ಬಾಯಿ ಬರುದಿಲ್ಲ, ಪೊರ್ಬುಗಳೇ.”

ಅವರ ಆಸ್ಪತ್ರೆಯ ಶಾಖೆಯೊಂದು ಮದೀನತ್ ಜಾಯೆದ್‌ನಲ್ಲಿತ್ತು. ಮರುಭೂಮಿಯ ನಡುವಿನ ಆ ಊರಿಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಇವರು ಕೇಳಿ ವರ್ಗ ಮಾಡಿಸಿಕೊಂಡರು. ಒಂದು ಶುಕ್ರವಾರ ಪೂಜೆ ತಪ್ಪಿಸಿ, ಕಾರಿನಲ್ಲಿ ಅಷ್ಟು ದೂರ ಹೋದೆ. ನಾನು ಪೂಜೆ ತಪ್ಪಿಸಿದ್ದು ಅಪರೂಪ. ಖರ್ಜೂರ ಕೊಟ್ಟರು, ಚಹಾ ಕೊಟ್ಟರು. ಮನೆಯಲ್ಲಿ ಎಲ್ಲಿಯೂ ಇಸ್ಪೀಟಿನ ಕಟ್ಟು ಕಾಣಲಿಲ್ಲ. ಹೊರಡುವಾಗ ಲಿಫ್ಟಿನ ಎದುರು ಕಾರ್ಯದರ್ಶಿಯ ಬಗ್ಗೆ ಕೇಳಿದರು:

“ಅವರು ಏನಾದ್ರೂ ಹೇಳಿದ್ರಾ?”

“ಇಲ್ಲ” ಎಂದೆ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ...

ಮತ್ತೆ ಅವರನ್ನು ನೋಡಲಾಗಲಿಲ್ಲ. ಅಲ್ಲಿಯೇ ಎದೆನೋವು ಬಂತು, ಕೆಲಸದ ಜಾಗದಲ್ಲೇ. ಕ್ಲಬ್ಬಿನಲ್ಲಿ ಸಂತಾಪ ಸಭೆ ಇಟ್ಟರು. ಕಾರ್ಯದರ್ಶಿ ಮೈಕ್ ಹಿಡಿದು, “ಅಷ್ಟು ನೇರ ಮನುಷ್ಯ, ಅಷ್ಟು ಪ್ರಾಮಾಣಿಕ ಆಟಗಾರ ನಮ್ಮಲ್ಲಿ ಇನ್ನೊಬ್ಬರಿಲ್ಲ” ಎಂದರು. ಎಲ್ಲರ ಎದುರೇ ಹೇಳಿದರು. ಯಾವ ಸಭೆಯಿಂದಲೂ ಮಧ್ಯದಲ್ಲಿ ಎದ್ದು ಹೋಗದ ನಾನು ಅಂದು ಎದ್ದು ಹೊರಗೆ ಬಂದೆ. ಇಷ್ಟು ವರ್ಷಗಳ ನಂತರವೂ ಆ ಮಾತು ನೆನಪಾದರೆ ನನಗೆ ಸಿಟ್ಟೇ ಬರುತ್ತದೆ.

ಮೊನ್ನೆ ಮೊಮ್ಮಗಳ ಪೌಡರ್ ಡಬ್ಬಿ ತೆಗೆದುಕೊಂಡು, ಮಗಳ ಕಪಾಟಿನಲ್ಲಿದ್ದ ಇಸ್ಪೀಟಿನ ಕಟ್ಟು ಹುಡುಕಿ ಒರೆಸಿದೆ. ಎರಡರಿಂದ ಆರರವರೆಗೆ ಬೇರೆ ತೆಗೆದಿಟ್ಟೆ. “ಗ್ರ್ಯಾಂಡ್‌ಪಾ, ವೈ ಆರ್ ಯೂ ಥ್ರೋಯಿಂಗ್ ದೋಸ್?” ಎಂದಳು. ಈ ಆಟಕ್ಕೆ ಬೇಡ ಎಂದೆ. ಇಪ್ಪತ್ತೆಂಟಕ್ಕೆ ನಾಲ್ಕು ಜನ ಬೇಕು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಆದರೂ ನಾಲ್ಕು ಕೈ ಹಂಚಿದೆ. ಎದುರಿನ ಕುರ್ಚಿಯ ಮುಂದೆ ಇಟ್ಟ ಎಲೆಗಳನ್ನು ತಿರುಗಿಸಿ ನೋಡಲು ಮನಸ್ಸಾಗಲಿಲ್ಲ. ಅವಳ ಕೈಗೆ ಗುಲಾಮ ಬಂದಿದ್ದ. ಅದನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು.

“ಹಾಗಲ್ಲ, ತೆಗೆ. ಕುಟ್ಟಿ ಹಾಕು” ಎಂದೆ.