ಭಾಗ್ಯಳ ಒಡಪಿಗಾಗಿ ಹೊನ್ನೂರಕ್ಕ ನಡೆದ ದಾರಿ

ಕಾನಹೊಸಹಳ್ಳಿಯ ಹೊನ್ನೂರಕ್ಕನನ್ನು ಮನೆಯಲ್ಲಿ ಕೂರಿಸಿ ಒಡಪು ಕೇಳಿ ನೋಡಿ, ಒಂದಕ್ಷರ ಹುಟ್ಟಿದರೆ ಕೇಳಿ. ಮದುವೆಯಾಗಿ ಬಂದ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರನ್ನು ಪದ ಕಟ್ಟಿ ಹೇಳಿದ ಮೇಲೇ ಒಳಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ಆ ಪದವೇ ಒಡಪು. ಈಗಿನ ಹುಡುಗಿಯರು ಮೊಬೈಲಿನಲ್ಲಿ ಸಿಕ್ಕ ಯಾವುದೋ ಬೆಳ್ಳಿ ಬಟ್ಟಲಿನ ಒಡಪಿಗೆ ಗಂಡನ ಹೆಸರು ಅಂಟಿಸಿಕೊಂಡು ಬರುತ್ತಾರೆ. ಹೊನ್ನೂರಕ್ಕನಿಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿ.

"ಊರ ಮಂದಿ ಅಗದು ಉಗುಳಿದ್ದು ನಿನಗ್ಯಾಕವ್ವ? ಚಪ್ಪಲಿ ಮೆಟ್ಕೋ, ನಡಿ ಹೋಗೋಣ," ಎಂದು ಮದುಮಗಳನ್ನು ಕರೆದುಕೊಂಡು ಹೊಲದ ದಾರಿ ಹಿಡಿಯುತ್ತಾಳೆ.

ಆಶಾ ಕಾರ್ಯಕರ್ತೆಯಾಗಿ ಹಳ್ಳಿ ಹಳ್ಳಿ ಸುತ್ತಿದ ಕಾಲುಗಳು ಅವು. ಒಬ್ಬ ಬಾಣಂತಿಯ ಮನೆಯಿಂದ ಇನ್ನೊಬ್ಬಳ ಮನೆಗೆ ನಡೆಯುವಾಗಲೇ ಪದ ಕಟ್ಟುವ ಚಾಳಿ ಅಂಟಿಕೊಂಡಿತು. "ಕುಂತ್ರ ತಲ್ಯಾಗ ಮನಿ ಕೆಲಸ ತಿರಗತಾವ. ಒಂದಿಷ್ಟು ದೂರ ನಡದ್ರ ಅವು ಹಿಂದ ಬೀಳತಾವ. ಆಮ್ಯಾಲ ಪದ ಬರತೈತಿ," ಎನ್ನುತ್ತಾಳೆ. ಎಂಥ ಮಾತು ನೋಡಿ!

ಕಳೆದ ವರ್ಷ ಪಕ್ಕದ ಓಣಿಯ ನಾಗಲಿಂಗಮ್ಮ ಸೊಸೆ ಭಾಗ್ಯಳನ್ನು ಕರೆದುಕೊಂಡು ಬಂದಳು. ನಾಗಲಿಂಗಮ್ಮನ ಮಗ ಗಂಗಾಧರ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ತಾನೇ ಮುಂದೆ ನಿಂತು, ಕೊಟ್ಟೂರಿನ ಗುರುಶಾಂತನ ಜೊತೆ ಸೊಸೆಗೆ ಮದುವೆ ಗೊತ್ತು ಮಾಡಿದ್ದಳು. ಆ ತಾಯಿಯ ಗುಂಡಿಗೆ ದೊಡ್ಡದು.

"ಹೊನ್ನೂರಕ್ಕ, ಇಕಿಗೆ ಒಂದು ಒಡಪು ಕಲಿಸು. ಗಂಡನ ಹೆಸರು ಅಂದ್ರ ನನ್ನ ಮಗಂದೇ ಬಾಯಿಗೆ ಬರತೈತಿ ಅಂತ ಅಳತಾಳ," ಎಂದಳು.

ಮದುವೆ ನಾಳಿದ್ದೇ ಇತ್ತು. ತುಂಬಿದ ಜನರ ನಡುವೆ, ಹೊಸ ಅತ್ತೆ ಗುರುಬಸಮ್ಮನ ಎದುರು, ಸತ್ತವನ ಹೆಸರು ಬಾಯಿತಪ್ಪಿ ಬಂದರೆ ಹುಡುಗಿ ಆ ಮನೆಯಲ್ಲಿ ತಲೆ ಎತ್ತುವುದು ಹೇಗೆ?

ಹೊನ್ನೂರಕ್ಕ ಭಾಗ್ಯಳನ್ನು ಕರೆದುಕೊಂಡು ಶೇಂಗಾ ಹೊಲಗಳ ಬಂಡಿದಾರಿಗೆ ಇಳಿದಳು. ಹಡಗಲಿ ಮಲ್ಲಿಗೆಯ ಮಾತಿಟ್ಟು ಒಂದು ಪದ ಕಟ್ಟಿದಳು. ಭಾಗ್ಯ ಚೆನ್ನಾಗಿಯೇ ಹೇಳುತ್ತ ಬಂದು, ಕೊನೆಗೆ 'ಗಂಗಾಧರ' ಎಂದುಬಿಟ್ಟು ಬಾಯಿ ಮುಚ್ಚಿಕೊಂಡಳು. ಇನ್ನೊಂದು ಪದ ಕಟ್ಟಿದರೂ ಅದೇ ಕತೆ. ಹೊನ್ನೂರಕ್ಕನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬಿರಬಿರನೆ ಮುಂದೆ ನಡೆದಳು.

ಎಷ್ಟೋ ದೂರ ಹೋದ ಮೇಲೆ ಭಾಗ್ಯ ತಾನಾಗಿಯೇ ಬಾಯಿಬಿಟ್ಟಳು. ಗಂಗಾಧರ ಸಂತೆಗೆ ಹೋದರೆ ಮಂಡಕ್ಕಿ ತರುತ್ತಿದ್ದದ್ದು, ಸಿಟ್ಟು ಬಂದರೆ ಉಣ್ಣದೆ ಮಲಗುತ್ತಿದ್ದದ್ದು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಉಸಿರು ಹಗುರಾಯಿತು. ಹೊನ್ನೂರಕ್ಕ ತಡೆಯಲಿಲ್ಲ. ಹುಡುಗಿ ತಪ್ಪು ಹೇಳುತ್ತಿಲ್ಲ, ನಾನೇ ತಪ್ಪು ಕಟ್ಟುತ್ತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು. ಮನಸ್ಸಿನಲ್ಲಿದ್ದವನನ್ನು ಬಚ್ಚಿಟ್ಟರೆ ಅವನು ಇಣುಕದೆ ಇರುತ್ತಾನೆಯೇ? ಊರ ಕಡೆ ತಿರುಗುವಷ್ಟರಲ್ಲಿ ಪದ ಸಿದ್ಧವಾಗಿತ್ತು.

"ಅತ್ತಿ ಮನಿಯೋರು ಒಪ್ತಾರೇನಕ್ಕ?" ಎಂದು ಭಾಗ್ಯ ಹೆದರುತ್ತಲೇ ಕೇಳಿದಳು.

"ಬೈದ್ರ ನನ್ನ ಹೆಸರು ಹೇಳು, ನಾನು ಅಲ್ಲೇ ಇರತೀನಿ."

ಬಾಯಲ್ಲಿ ಹಾಗೆ ಹೇಳಿದರೂ ಕೊಟ್ಟೂರಿನ ಮನೆಯ ಮುಂದೆ ನಿಂತಾಗ ಹೊನ್ನೂರಕ್ಕ ಮನಸ್ಸಿನಲ್ಲೇ ಆ ಪದವನ್ನು ಮತ್ತೆ ಮತ್ತೆ ಹೇಳಿಕೊಂಡಳು. ಸತ್ತವನ ತಾಯಿ ಮುಂದೆ ಬರಬಾರದೆಂದುಕೊಂಡು ನಾಗಲಿಂಗಮ್ಮ ದೂರದಲ್ಲಿ, ಓಣಿಯ ಕಟ್ಟೆಯ ಮಗ್ಗುಲಿಗೆ ನಿಂತಿದ್ದಳು. ಗುರುಬಸಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಭಾಗ್ಯ ತಲೆ ಎತ್ತಿ ಹೇಳಿದಳು:

"ಅರ್ಧ ದಾರಿಗೆ ಕೈ ಬಿಟ್ಟು ಹೋದ್ರು ಗಂಗಾಧರ,
ಮುಂದಿನ ದಾರಿ ಕಾಣವಲ್ದು, ಕಣ್ತುಂಬ ನೀರ,
ನಿಂತ ಕಾಲು ನಡಸಾಕ ಕೈಯ ಹಿಡಿದಾರ
ಕೊಟ್ಟೂರ ಗುರುಶಾಂತ, ನನ್ನ ಮನಿಯವರ."

ಎಲ್ಲಿಯೂ ತಡವರಿಸಲಿಲ್ಲ. ಆದರೆ ನೆರೆದಿದ್ದ ಹೆಂಗಸರ ನಗು ನಿಂತಿತು. ಯಾರೋ ಪಿಸುಗುಟ್ಟಿದರು. ಗುರುಬಸಮ್ಮನ ಕೈ ಅಡ್ಡವೇ ಇತ್ತು. ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಅವಳ ಭುಜದಾಚೆ ಕಟ್ಟೆಯ ಕಡೆ ನೋಡಿದಳು.

"ನಾಗಲಿಂಗಮ್ಮಾರ, ಅಲ್ಲ್ಯಾಕ ನಿಂತೀರಿ? ಬರ್ರಿ ಇಲ್ಲಿ. ಸೊಸಿನ್ನ ಇಬ್ಬರೂ ಕೂಡಿ ಒಳಗ ಕರಕೊಳ್ಳೋಣ."