ನಾಲ್ಕು ಗಡಿಯಾರಗಳೂ ಚಾಲಕನಿಲ್ಲದ ಗಾಡಿಯೂ

ನಮ್ಮ ಮನೆಗೆ ಬಂದವರು ಗಂಟೆ ಎಷ್ಟೆಂದು ಕೇಳಿದರೆ ನಮಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ಯಾವ ಕೋಣೆಯಲ್ಲಿ ಎಂಬ ಮರುಪ್ರಶ್ನೆ ಹಾಕಬೇಕಾಗುತ್ತದೆ. ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದ ನಮ್ಮ ಮೂರು ಕೋಣೆಯ ಮನೆಯಲ್ಲಿ ಗೋಡೆಯ ಮೇಲೆ ಮೂರು, ನನ್ನ ಮುಂಗೈ ಮೇಲೆ ಒಂದು, ಹೀಗೆ ನಾಲ್ಕು ಗಡಿಯಾರಗಳಿವೆ. ಪಡಸಾಲೆಯದು ಮದುವೆಯಲ್ಲಿ ಉಡುಗೊರೆಯಾಗಿ ಬಂದ ಲೋಲಕದ ಗಡಿಯಾರ. ಅದು ಹಿಂದೆ ಬೀಳುತ್ತದೆ ಎಂಬುದು ಖಚಿತ, ಎಷ್ಟು ಎಂಬುದು ಆಯಾ ದಿನದ ಅದರ ಮನಃಸ್ಥಿತಿಗೆ ಬಿಟ್ಟದ್ದು. ಅಡುಗೆಮನೆಯದು ನನ್ನ ಹೆಂಡತಿ ಸುಮತಿಯ ಆಡಳಿತಕ್ಕೆ ಒಳಪಟ್ಟದ್ದು. ಕರಾರುವಾಕ್ಕಾಗಿ ಹದಿನೈದು ನಿಮಿಷ ಮುಂದೆ. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮುನ್ನ ಊಟ ಮುಗಿದು ಕೈ ತೊಳೆದಿರಬೇಕು. ಸೂರ್ಯನನ್ನಾದರೂ ನಂಬಬಹುದು, ಗಂಡನನ್ನು ನಂಬಲಾಗದು ಎಂಬ ತೀರ್ಮಾನಕ್ಕೆ ಬಂದ ಆಕೆ ಮದುವೆಯಾದ ವರ್ಷವೇ ಆ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಳ್ಳಿದಳು. ನನ್ನ ಕೋಣೆಯದೂ ಕೈಗಡಿಯಾರವೂ ಏಳೇ ನಿಮಿಷ ಮುಂದೆ. ಮೊಬೈಲು ಸರಿಯಾದ ವೇಳೆ ತೋರಿಸುತ್ತದಂತೆ; ಅದನ್ನು ಗಡಿಯಾರವೆಂದು ನಾವು ಇನ್ನೂ ಒಪ್ಪಿಕೊಂಡಿಲ್ಲ.

ನನ್ನ ಏಳು ನಿಮಿಷಕ್ಕೆ ವೃತ್ತಿಯ ಹಿನ್ನೆಲೆಯಿದೆ. ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಮುರಗೂಡದ ಗಾಡಿ ಎಲ್ಲಿ ನಿಂತಿದೆ, ಚಂದಗಡದ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಗಾಜಿನ ಕಿಂಡಿಯ ಹಿಂದೆ ಕುಳಿತು ಮರಾಠಿಯಲ್ಲಿ ಸಾರುತ್ತ ಜನ್ಮ ಸವೆಸಿದ ಮೇಲೆ, ಗಡಿಯಾರ ಏಳು ನಿಮಿಷ ಮುಂದಿದ್ದರೆ ಮಾತ್ರ ಗಾಡಿ ವೇಳೆಗೆ ಸರಿಯಾಗಿ ಕದಲುತ್ತದೆ ಎಂಬ ಸಿದ್ಧಾಂತ ನನ್ನ ರಕ್ತಗತವಾಗಿದೆ. ನನ್ನ ಸಮಯನಿಷ್ಠೆಗೆ ಸಾಕ್ಷಿ ಬೇಕಿದ್ದರೆ ಸಂಜೆ ನಮ್ಮ ಮನೆಗೆ ಬನ್ನಿ. ಕೋಣೆಯ ಗಡಿಯಾರ ಐದೂವರೆ ತೋರಿಸಿದ ಕ್ಷಣ ನಾನೆದ್ದು ಅಡುಗೆಮನೆಗೆ ಹೋಗಿ ಮಣೆಯ ಮೇಲೆ ಕುಳಿತರೆ, ಹಂಚಿನಿಂದ ಆಗತಾನೇ ಇಳಿದ ಜೋಳದ ರೊಟ್ಟಿ ಉಸಿರು ಬಿಡುತ್ತ ನನ್ನ ತಾಟಿಗೆ ಬೀಳುತ್ತದೆ. ವೇಳೆ ಪಾಲಿಸುವವನಿಗೆ ಅನ್ನಪೂರ್ಣೆ ಹೀಗೆ ಒಲಿಯುತ್ತಾಳೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಇಂಥ ಮನೆಯಲ್ಲಿ ಅತಿಥಿಗಳು ಬಳಲುವುದು ಸಹಜ. ಚಂದಗಡದಲ್ಲಿರುವ ನನ್ನ ಷಡ್ಡಕ, ಬಿಸಿಲಿಗೂ ಮಳೆಗೂ ಕೊಡೆ ಬಿಡದ ಮನುಷ್ಯ, ನಮ್ಮ ಗಡಿಯಾರ ಹದಿನೈದು ನಿಮಿಷ ಮುಂದಿರುತ್ತದೆ ಎಂಬುದನ್ನು ಕಷ್ಟಪಟ್ಟು ಕಲಿತಿದ್ದ. ಆದರೆ ಒಮ್ಮೆ ಆ ವಿದ್ಯೆಯನ್ನು ನನ್ನ ಕೋಣೆಯ ಗಡಿಯಾರದ ಮೇಲೆ ಪ್ರಯೋಗಿಸಿ, ಇಲ್ಲದ ಎಂಟು ನಿಮಿಷ ತನ್ನ ಬಳಿ ಇವೆಯೆಂದು ನಂಬಿ, ನಿಶ್ಚಿಂತೆಯಿಂದ ಎರಡನೇ ಚಹಾ ಕುಡಿದು ಬಸ್ಸು ತಪ್ಪಿಸಿಕೊಂಡ. ಬಸ್ ಕಂಟ್ರೋಲರನ ಮನೆಯಲ್ಲಿ ಕುಳಿತು ಬಸ್ಸು ತಪ್ಪಿಸಿಕೊಂಡವನು ಎಂಬ ಕೀರ್ತಿ ಅವನಿಗೆ, ಅಪಕೀರ್ತಿ ನನಗೆ.

ಈ ವಿಷಯ ಇಷ್ಟಕ್ಕೇ ಮುಗಿಯುತ್ತಿತ್ತು, ಇಚಲಕರಂಜಿಯ ನನ್ನ ಅಣ್ಣನ ಮಗಳು ಸ್ನೇಹಲ್ ಚಾಲಕನಿಲ್ಲದ ಗಾಡಿ ಮಾಡುವ ಗೀಳು ಹಚ್ಚಿಕೊಳ್ಳದಿದ್ದರೆ. ಕೊಲ್ಹಾಪುರದಲ್ಲಿ ಎಂಜಿನಿಯರಿಂಗ್ ಓದಿ ಬಂದ ಈ ಹುಡುಗಿ ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು, ನೂಲಿಗೆ ಗಂಜಿ ಹಚ್ಚುವ ಒಂದು ಸೈಜಿಂಗ್ ಕಾರಖಾನೆಯ ಮೂಲೆಯ ತಗಡಿನ ಶೆಡ್ಡಿನಲ್ಲಿ, ಗಂಜಿ ಕುಡಿದ ನೂಲು ಸುತ್ತಿದ ಭಾರಿ ಉರುಳೆಗಳಾದ ಬೀಮುಗಳನ್ನು ಮಗ್ಗಗಳವರೆಗೆ ತಾನಾಗಿ ಹೊತ್ತೊಯ್ಯುವ ಗಾಡಿಯೊಂದನ್ನು ನಿರ್ಮಿಸಿದ್ದಳು. ಕಾರಖಾನೆಯ ಮಾಲಕರು ಅಪ್ಪಾಸಾಹೇಬರು ಶೆಡ್ಡು ಕೊಟ್ಟಿದ್ದರು, ಗಡುವನ್ನೂ ಕೊಟ್ಟಿದ್ದರು. ಗೊತ್ತುಪಡಿಸಿದ ದಿನ ಹತ್ತು ಗಂಟೆಗೆ ಗಾಡಿ ತಮ್ಮೆದುರು ಅಂಗಳ ದಾಟಿದರೆ ಶೆಡ್ಡು ಈ ಹುಡುಗಿಯರಿಗೆ. ದಾಟದಿದ್ದರೆ ಮರುದಿನದಿಂದ ಅಲ್ಲಿ ಬೀಮು ಪೇರಿಸುವುದು. ಎರಡು ವರ್ಷದ ದುಡಿಮೆ ಒಂದು ಅಂಗಳದ ಅಗಲಕ್ಕೆ ಬಂದು ನಿಂತಿತ್ತು.

ಹಿಂದಿನ ದಿನವೇ ನಾನು ಅಣ್ಣನ ಮನೆಗೆ ಹೋಗಿದ್ದೆ. ಒಂದೇ ಗಾಡಿಯೊಳಗೆ ನಾಲ್ಕಾರು ಕಂಪ್ಯೂಟರುಗಳೂ ದಾರಿ ನೋಡಲು ಕ್ಯಾಮೆರಾ, ಲೇಸರ್ ಎಂಬ ಕಣ್ಣುಗಳೂ ಇರುತ್ತವೆ, ಒಂದೊಂದಕ್ಕೂ ಒಂದೊಂದು ಗಡಿಯಾರವಿರುತ್ತದೆ ಎಂದು ಅವಳು ಹೇಳಿದಾಗ ನನಗೆ ಸ್ವಂತ ಮನೆಗೆ ಬಂದಂತಾಯಿತು. ಗಡಿಯಾರಗಳು ಹೊಂದದಿದ್ದರೆ ಏನಾದೀತು ಎಂದು ಕೇಳಿದೆ.

“ಕಾಕಾ, ಒಂದ ಆಡ ಅಡ್ಡ ಬಂತಂತ ತಿಳ್ಕೋರಿ. ಕ್ಯಾಮೆರಾದ ಹತ್ತ ಗಂಟೆ ಬ್ಯಾರೆ, ಲೇಸರಿಂದ ಬ್ಯಾರೆ ಆತಂದ್ರ, ಗಾಡಿಗೆ ಆಡ ಎಲ್ಲೈತಿ ಅನ್ನೂದ ತಿಳೀದುಲ್ರಿ. ಒಂದ ಹೋಗಿ ಎರಡ ಕಾಣತಾವು,” ಎಂದಳು.

ಹಾಗಾಗಿ ಒಂದು ಕಂಪ್ಯೂಟರನ್ನು ಮನೆಯ ಹಿರಿಯನಂತೆ ನೇಮಿಸಿ, ಉಳಿದವುಗಳಲ್ಲಿ ಹೆಚ್ಚಿನವು ಅದನ್ನು ಕ್ಷಣಕ್ಷಣಕ್ಕೂ ವೇಳೆ ಕೇಳುವಂತೆ ಮಾಡಿರುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಆ ಉತ್ತರ ಹಳಸಿರುತ್ತದಲ್ಲ? ಅದಕ್ಕಾಗಿ ಹೋಗಿಬರಲು ಹಿಡಿದ ಹೊತ್ತನ್ನು ಅಳೆದು, ಅದರ ಅರ್ಧವನ್ನು ಉತ್ತರಕ್ಕೆ ಸೇರಿಸಿಕೊಳ್ಳುತ್ತವಂತೆ. ಎದುರಿನವನ ವಿಳಂಬ ಎಷ್ಟೆಂದು ತಿಳಿದು, ಅದಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ಈ ಸೌಜನ್ಯ ಮನುಷ್ಯರಲ್ಲಿ ಇದ್ದೀತೇ ಎಂದು ನಾನು ಗಂಭೀರವಾಗಿ ತಲೆದೂಗಿದೆ. ಆಗ ಆಡಿದ ಈ ಮಾತಿಗೆ ನಾನು ನಾಚಬೇಕಾದ ಪ್ರಸಂಗ ಮುಂದೆ ಬರಲಿದೆ, ಸ್ವಲ್ಪ ತಾಳಿ.

ಮರುದಿನ ಬೆಳಿಗ್ಗೆ, ವಾಡಿಕೆಯಂತೆ, ಎಲ್ಲರಿಗಿಂತ ಮೊದಲು ನಾನು ಸಿದ್ಧ. ಹುಡುಗಿಯರು ಮಾಲಕರನ್ನು ಎದುರುಗೊಳ್ಳಲು ಬಾಗಿಲ ಕಡೆ ಹೋದರು, ಶೆಡ್ಡಿನಲ್ಲಿ ನಾನೊಬ್ಬನೇ. ಗಾಡಿ ಇನ್ನೂ ಎಚ್ಚರಗೊಂಡಿರಲಿಲ್ಲ. ಮೇಜಿನ ಮೇಲೊಂದು ಕಂಪ್ಯೂಟರು ಬೆಳಗುತ್ತಿತ್ತು. ಗಾಡಿಯೊಳಗಿನ ಹಿರಿಯ ಏಳುತ್ತಲೇ ಮೊದಲು ಇದರಿಂದಲೇ ವೇಳೆ ಕೇಳಿಕೊಳ್ಳುತ್ತಾನೆ ಎಂದು ಸ್ನೇಹಲ್ ಹಿಂದಿನ ಸಂಜೆ ಹೇಳಿದ್ದಳು. ಅದರ ಮೂಲೆಯಲ್ಲಿ ಗಂಟೆ ನೋಡಿದೆ. ಒಂದು ನಿಮಿಷವೂ ಮುಂದಿಲ್ಲ! ಗಾಡಿ ಹೊರಡಿಸುವ ಗಡಿಯಾರ ಹೀಗೆ ಬೋಳಾಗಿ ಸರಿಯಾಗಿದ್ದರೆ ಯಾವ ಗಾಡಿ ವೇಳೆಗೆ ಹೊರಟೀತು? ಮಕ್ಕಳಿಗೆ ಅನುಭವ ಸಾಲದು ಎಂದುಕೊಂಡು, ಮೊಬೈಲಿನಲ್ಲಿ ಕಲಿತ ವಿದ್ಯೆಯನ್ನು ಅಲ್ಲಿ ಪ್ರಯೋಗಿಸಿ, ಹಿರಿಯರು ಮಕ್ಕಳ ತಲೆಯ ಮೇಲೆ ಅಕ್ಷತೆ ಹಾಕುವಷ್ಟು ಪ್ರೀತಿಯಿಂದ, ಆ ಕಂಪ್ಯೂಟರನ್ನು ಏಳು ನಿಮಿಷ ಮುಂದಿಟ್ಟೆ. ಆಮೇಲೆ ಏನೂ ಅರಿಯದವನಂತೆ ಹೊರಗೆ ಹೋಗಿ ನಿಂತೆ.

ಅಪ್ಪಾಸಾಹೇಬರು ಬಂದರು. ಗಾಡಿಯ ಬೆನ್ನಿಗೆ ಬೀಮು ಏರಿಸಿದರು. ದೀಪಗಳು ಹತ್ತಿದವು, ಒಳಗೇನೋ ಗುಂಯ್ಗುಟ್ಟಿತು, ಸ್ನೇಹಲ್ ಗುಂಡಿ ಒತ್ತಿದಳು. ಗಾಡಿ ಅಲುಗಲಿಲ್ಲ. ಮತ್ತೆ ಒತ್ತಿದಳು. ಬೀಮು ತಳ್ಳುತ್ತಲೇ ತಲೆ ನರೆತಿದ್ದ ಯಲ್ಲಪ್ಪ, “ಬಾಲಾ ತಿರುವ್ರಿ, ಹೋಗತೈತಿ,” ಎಂದ. ಸುತ್ತಲಿದ್ದವರು ನಕ್ಕರು. ಮಾಲಕರು ನಗಲಿಲ್ಲ.

“ಕಾಯ್ ಝಾಲಂ? ಯಾಕ ನಿಂತೈತವಾ?”

“ಲೇಸರ್ ತಪ್ಪ ಮಾಡಾಕತ್ತೈತ್ರಿ,” ಸ್ನೇಹಲ್ ಪರದೆಯ ಮೇಲಿನಿಂದ ಕಣ್ಣು ತೆಗೆಯದೆ ಹೇಳಿದಳು. “ಬರೋಬ್ಬರಿ ಏಳ ನಿಮಿಷ ಹಿಂದ ಐತಿ. ಬಿಚ್ಚಿ ನೋಡಬೇಕ್ರಿ.”

ಏಳು ಎಂಬ ಸಂಖ್ಯೆ ಕಿವಿಗೆ ಬಿದ್ದದ್ದೇ ನನ್ನ ಕಣ್ಣು ನನ್ನದೇ ಮುಂಗೈಗೆ ಹೋಯಿತು. ಲೇಸರ್ ಕಣ್ಣೊಂದು ಮಾತ್ರ ತನ್ನ ವೇಳೆಯನ್ನು ನೇರವಾಗಿ ಉಪಗ್ರಹದಿಂದ ಪಡೆಯುತ್ತದೆ ಎಂದು ಅವಳು ಹೇಳಿದ್ದು ಆಗ ನೆನಪಾಯಿತು. ಪಾಪ, ಅದು ಮುಂದಿನ ದಾರಿ ಖಾಲಿಯಿದೆ ಎಂದು ಪ್ರಾಮಾಣಿಕವಾಗಿ ವರದಿ ಕಳಿಸುತ್ತಿತ್ತು; ನನ್ನ ಆಶೀರ್ವಾದ ಪಡೆದ ಹಿರಿಯ ಮಾತ್ರ ಇದು ಏಳು ನಿಮಿಷದ ಹಳೆಯ ಸುದ್ದಿ ಎಂದು ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದ. ಕಣ್ಣಿನ ಮಾತು ಸಿಗದೆ ಕಾಲು ಕದಲಿಸುವುದಿಲ್ಲ ಎಂಬ ವ್ರತ ಆ ಗಾಡಿಯದು. ಇಡೀ ಗಾಡಿಯಲ್ಲಿ ಸರಿಯಾಗಿದ್ದದ್ದು ಲೇಸರ್ ಒಂದೇ, ಅದನ್ನೇ ಬಿಚ್ಚಲು ನನ್ನ ಅಣ್ಣನ ಮಗಳು ಹತ್ಯಾರು ಕೈಗೆತ್ತಿಕೊಂಡಿದ್ದಳು. ಬಿಚ್ಚಿದರೆ ಆ ದಿನ ಕಳೆದಂತೆಯೇ. ಮಾಲಕರು ಆಗಲೇ ಕಾರಿನ ಕಡೆ ನೋಡುತ್ತಿದ್ದರು.

ನಿಜ ಹೇಳುತ್ತೇನೆ, ಸುಮ್ಮನಿರೋಣ ಎಂದು ನನಗೆ ಅನಿಸಿತು. ಬಸ್ಸು ತಡವಾದಾಗಲೆಲ್ಲ ಘಾಟಿಯನ್ನೋ ಮಳೆಯನ್ನೋ ಹೊಣೆ ಮಾಡಿ ಕಿಂಡಿಯ ಹಿಂದೆ ಗೌರವದಿಂದ ಕುಳಿತಿದ್ದವನು ನಾನು. ತಪ್ಪು ನನ್ನದು ಎಂದು ಧ್ವನಿವರ್ಧಕದಲ್ಲಿ ಒಮ್ಮೆಯೂ ಸಾರಿದವನಲ್ಲ. ಆದರೆ ಅವಳು ಲೇಸರಿನ ಮೊದಲ ತಿರುಪಿಗೆ ಹತ್ಯಾರು ಹಚ್ಚಿದಳು. ಅದನ್ನು ನೋಡಲಾಗಲಿಲ್ಲ.

“ತಡಿಯವಾ, ಅದನ್ನ ಬಿಚ್ಚಬ್ಯಾಡ. ಅದು ಸರಿ ಐತಿ. ಮೇಜಿನ ಮ್ಯಾಲಿಂದನ್ನ ನಾನ ಏಳ ನಿಮಿಷ ಮುಂದ ಇಟ್ಟೇನಿ,” ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಸ್ನೇಹಲ್ ನನ್ನ ಮುಖ ನೋಡಿದಳು, ಕೈಗಡಿಯಾರ ನೋಡಿದಳು. ಮೇಜಿನ ಕಡೆ ಓಡಿ ವೇಳೆ ಸರಿಪಡಿಸಿದಳು. ಗಾಡಿಯನ್ನು ಮಲಗಿಸಿ ಎಬ್ಬಿಸಿದ ಮೇಲೆ ಅದು ಬೀಮು ಹೊತ್ತು, ಹೊಸ ಸೊಸೆಯ ನಡಿಗೆಯಲ್ಲಿ ಅಂಗಳಕ್ಕೆ ಇಳಿಯಿತು. ಅರ್ಧ ದಾರಿಯಲ್ಲಿ ನಿಜಕ್ಕೂ ಒಂದು ಆಡು ಅಡ್ಡ ಬಂತು. ಗಾಡಿ ನಿಂತಿತು, ಆಡು ಅದನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ ದಾರಿ ಬಿಟ್ಟಿತು, ಗಾಡಿ ಮುಂದುವರಿದು ಮಗ್ಗದ ಮನೆಯ ಬಾಗಿಲಲ್ಲಿ ನಿಂತಿತು. ಅಪ್ಪಾಸಾಹೇಬರು ಶೆಡ್ಡಿನ ಕೀಲಿಯನ್ನು ಸ್ನೇಹಲ್‌ಳ ಕೈಗಿತ್ತು, ನನ್ನ ಕಡೆ ಕಣ್ಣು ಹೊರಳಿಸಿ ಅವಳಿಗೆ, “ಒಂದ ಬೀಗ ಹೆಚ್ಚಿಂದ ತರಸವಾ, ನಿಮ್ಮ ಕಾಕಾನ್ನ ಹೊರಗಿಟ್ಟ ಹಾಕಾಕ,” ಎಂದರು. ಈ ಸಲ ಅವರೂ ನಕ್ಕರು.

ಗಾಡಿಯ ಭಾಗಗಳೆಲ್ಲ ಒಟ್ಟಿಗೆ ಏಳು ನಿಮಿಷ ತಪ್ಪಿದ್ದರೂ ನಡೆಯುತ್ತಿತ್ತಂತೆ. ಒಂದು ಸರಿ, ಉಳಿದವು ತಪ್ಪು ಎಂಬುದೇ ತೊಡಕು. ಹೊರಡುವಾಗ ಸ್ನೇಹಲ್ ಸಮಾಧಾನಕ್ಕೆಂದು ಹೇಳಿದ ಈ ಮಾತು ಊರಿಗೆ ಮರಳುವ ಬಸ್ಸಿನಲ್ಲಿ ನನ್ನನ್ನು ಕೊರೆಯತೊಡಗಿತು. ಸುಮತಿಯದು ಹದಿನೈದು, ನನ್ನದು ಏಳು. ಅವಳ ಐದೂವರೆಗೂ ನನ್ನ ಐದೂವರೆಗೂ ನಡುವೆ ಎಂಟು ನಿಮಿಷ! ನಾನಿಲ್ಲದೆ ಉಣ್ಣದ ಹೆಂಗಸು, ಮುಳುಗುವ ಹೊತ್ತನ್ನು ಕಿಟಕಿಯಲ್ಲಿ ನೋಡುತ್ತ, ಮದುವೆಯಾದಂದಿನಿಂದ ದಿನಕ್ಕೆ ಎಂಟು ನಿಮಿಷ ತಾಟಿನ ಮುಂದೆ ಕಾಯ್ದಿದ್ದಾಳೆ. ನಾನೋ ಸಮಯನಿಷ್ಠನೆಂದು ಮೀಸೆ ತಿರುವುತ್ತ ಬಂದಿದ್ದೇನೆ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಸಂಜೆ ಅಡುಗೆಮನೆಯ ಗಡಿಯಾರಕ್ಕೆ ಐದೂವರೆಯಾಗುತ್ತಲೇ ಪ್ರಾಯಶ್ಚಿತ್ತದ ಮುಖ ಹೊತ್ತು ಹೋಗಿ ಮಣೆಯ ಮೇಲೆ ಕುಳಿತೆ. ತಾಟು ಇರಲಿಲ್ಲ. ಹಂಚು ಇನ್ನೂ ಕಾಯುತ್ತಿತ್ತು, ಹಿಟ್ಟು ಪರಾತದಲ್ಲಿ ಉಂಡೆಯಾಗಿಯೇ ಇತ್ತು.

“ಇದೇನ್ರಿ, ಇಷ್ಟ ಲಗೂನ ಬಂದೀರಿ?” ಸುಮತಿ ಗಾಬರಿಯಿಂದ ತಿರುಗಿದಳು. “ಮೈಯಾಗ ಆರಾಮ ಐತಿಲ್ಲೋ? ಎಂಟ ನಿಮಿಷ ಐತಲ್ಲ ಇನ್ನ.”

“ನಿನಗ ಎಂಟ ನಿಮಿಷ ಗೊತ್ತೈತೇನು?”

“ಗೊತ್ತಿರಲಾರದ ಏನ್ರಿ? ಇಷ್ಟ ವರ್ಷ ಬಿಸಿ ರೊಟ್ಟಿ ಎಲ್ಲಿಂದ ಬರತಿತ್ತಂತ ತಿಳದಿದ್ರಿ? ನೀವು ಕುರ್ಚಿ ಸರಿಸಿದ್ದ ಕೇಳಿ ಹಂಚಿನ ಮ್ಯಾಲಿಂದ ತಗೀತಿದ್ನಿ.”

ಮನುಷ್ಯರಲ್ಲಿ ಇದ್ದೀತೇ ಎಂದು ನಾನು ತಲೆದೂಗಿದ್ದ ಸೌಜನ್ಯ ನನ್ನ ಮನೆಯಲ್ಲೇ ಇತ್ತು; ನಾಚಿ, ಎಲ್ಲ ಗಡಿಯಾರಗಳನ್ನೂ ಇವತ್ತೇ ಸರಿಪಡಿಸಿಬಿಡುತ್ತೇನೆ ಎಂದೆ. “ಒಂದನ್ನೂ ಮುಟ್ಟಬ್ಯಾಡ್ರಿ, ಎಲ್ಲಾ ಕೆಡತೈತಿ,” ಎಂದು ಆಕೆ ಹಿಟ್ಟಿಗೆ ಕೈ ಹಾಕಿದಳು. ಹಿಟ್ಟು ಮೆಲ್ಲಗೆ ಚಂದ್ರನಂತೆ ಅಗಲವಾಗುವುದನ್ನು, ನೀರು ಸವರಿದಾಗ ಬಣ್ಣ ಬದಲಾಗುವುದನ್ನು, ಅವಳ ಬಳೆಗಳು ಬಡಿತಕ್ಕೆ ತಾಳ ಹಾಕುವುದನ್ನು ನೋಡುತ್ತ ನಾನು ಎಂಟು ನಿಮಿಷ ಅವಳಿಗಾಗಿ ಕಾಯ್ದೆ. ಮದುವೆಯಾದ ಮೇಲೆ ಅದೇ ಮೊದಲ ಸಲ.

ಈಗಲೂ ನಮ್ಮ ನಾಲ್ಕು ಗಡಿಯಾರಗಳು ತಮ್ಮ ತಮ್ಮ ಮತಕ್ಕೆ ಬದ್ಧವಾಗಿವೆ. ಬಂದವರು ಗಂಟೆ ಎಷ್ಟೆಂದು ಕೇಳಿದರೆ ಯಾವ ಕೋಣೆಯಲ್ಲಿ ಎಂದು ನಾನು ಮರುಪ್ರಶ್ನೆ ಹಾಕುವುದಿಲ್ಲ. “ತಡೀರಿ, ಆಕೀನ್ನ ಕೇಳಿ ಹೇಳತೇನಿ,” ಎನ್ನುತ್ತೇನೆ.